ಸದ್ಯಕ್ಕೆ ಓಡುತ್ತೆ ಸಾರ್: ಹಳೆಯ ಯೆಜ್ಡಿಯ ತೇಪೆಗಳನ್ನು ಬಿಚ್ಚುವ ಮುನ್ನ

ಸೋದರಮಾವನ ಯೆಜ್ಡಿ ನನ್ನ ಕೈಗೆ ಬಂದಾಗ ಮೊದಲು ಬಿಚ್ಚಿದ್ದು ಎಡಗಡೆಯ ಕ್ಲಚ್ ಕವರ್. ಕವರಿಗೂ ಎಂಜಿನ್ನಿಗೂ ನಡುವೆ ಇದ್ದ ಪ್ಯಾಕಿಂಗ್ ಅಂಗಡಿಯಿಂದ ತಂದದ್ದಲ್ಲ. ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿದ ದಪ್ಪ ಕಾಗದ. ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ ಬೆಳಕಿಗೆ ಹಿಡಿದರೆ ಒಂದು ಕಡೆ ಅರಿಸಿನದ ಬಣ್ಣದ ಅಂಚು, ಅದರ ಪಕ್ಕದಲ್ಲಿ ‘ಆಶೀರ್ವಾದವೇ ಉಡು’ ಎಂಬಷ್ಟು ಅಕ್ಷರ. ಯಾರದೋ ಮದುವೆಯ ಕರೆಯೋಲೆ! ಮಾವನನ್ನು ಕೇಳಿದೆ. ಹುಣಸೂರಿನ ಹತ್ತಿರ ಎಣ್ಣೆ ಸೋರಿ ಗಾಡಿ ನಿಂತಾಗ ಅಲ್ಲಿನ ಮೆಕ್ಯಾನಿಕ್ಕೊಬ್ಬರು ಕತ್ತರಿಯಲ್ಲಿ ಕತ್ತರಿಸಿ, ಗ್ರೀಸ್ ಸವರಿ ಕೂರಿಸಿಕೊಟ್ಟರಂತೆ. “ಸದ್ಯಕ್ಕೆ ಓಡುತ್ತೆ ಸಾರ್, ಊರಿಗೆ ಹೋಗಿ ಬೇರೆ ಹಾಕಿಸ್ಕೊಳ್ಳಿ” ಅಂದಿದ್ದರಂತೆ. ಆ ‘ಸದ್ಯಕ್ಕೆ’ ಹದಿನೆಂಟು ವರ್ಷ ಬಾಳಿತ್ತು, ಒಂದು ತೊಟ್ಟು ಎಣ್ಣೆ ಜಿನುಗಿರಲಿಲ್ಲ.

ಮುಂದೆ ಸಿಲಿಂಡರ್ ಎತ್ತಿದಾಗ ಅದರ ಬುಡದಲ್ಲೂ ಅದೇ ಬಗೆಯ ಕಾಗದ ಸಿಕ್ಕಿತು, ಬೇರೆ ಯಾರೋ ಬೇರೆ ಯಾವಾಗಲೋ ಹಾಕಿದ್ದು. ಒಂದು ಮೂಲೆಯಲ್ಲಿ ಅದು ಕರಗಿ ಹೋಗಿತ್ತು. ಪಿಸ್ಟನ್ ಮೇಲೆ ಉದ್ದುದ್ದ ಗೀರು, ಸಿಲಿಂಡರಿನ ಗೋಡೆಯಲ್ಲಿ ಅದಕ್ಕೆ ಸರಿಯಾದ ಗೀರು. ಎಂಜಿನ್ ಎರಡು ಸಲ ಜಾಮ್ ಆಗಿತ್ತೆಂದು ಮಾವ ಆಮೇಲೆ ನೆನಪಿಸಿಕೊಂಡರು.

ಕಾಗದ ಒಂದೇ, ಎಂಜಿನ್ ಒಂದೇ. ಒಂದು ಕಡೆ ಅದು ಗಾಡಿಯನ್ನು ಕಾಪಾಡಿತು, ಇನ್ನೊಂದು ಕಡೆ ಕೊಂದಿತು. ಹಳೆಯ ಬೈಕ್ ಕೊಂಡವರಿಗೆ, ಅಪ್ಪನದೋ ತಾತನದೋ ಗಾಡಿಯನ್ನು ಶೆಡ್ಡಿನಿಂದ ಈಚೆಗೆ ಎಳೆದವರಿಗೆ ನಾನು ಹೇಳುವುದು ಇಷ್ಟೇ: ತೇಪೆ ಕಂಡ ಕೂಡಲೇ ಕಿತ್ತೆಸೆಯಬೇಡಿ. ಅದು ಯಾವ ನೋವಿಗೆ ಹಚ್ಚಿದ ಪಟ್ಟಿ ಎಂದು ಮೊದಲು ತಿಳಿದುಕೊಳ್ಳಿ. ಇವತ್ತೇ ತೆಗೆಯಬೇಕಾದ ತೇಪೆಗಳಿವೆ, ಇನ್ನೂ ಇಪ್ಪತ್ತು ವರ್ಷ ಇರಬಹುದಾದವೂ ಇವೆ. ಆ ವ್ಯತ್ಯಾಸ ತಿಳಿಯದೆ ಸ್ಪ್ಯಾನರ್ ಹಿಡಿದರೆ ಹಣವೂ ಹೋಗುತ್ತದೆ, ಕೆಲವು ಸಲ ಪ್ರಾಣಕ್ಕೂ ಬರುತ್ತದೆ.

ನಮ್ಮ ಕಡೆ ಇಂಥ ಗಾಡಿಗಳು ಇಷ್ಟೊಂದು ಉಳಿದಿರುವುದಕ್ಕೆ ಕಾರಣ ಎಲ್ಲರಿಗೂ ಗೊತ್ತಿದೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಜೆಕ್ ದೇಶದ ಜಾವಾವನ್ನು ಇಲ್ಲೇ ತಯಾರಿಸಿತು. 1970ರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಎಂಬ ಹೆಸರು ಪಡೆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಕಾರ್ಖಾನೆ ನಿಂತರೂ ಗಾಡಿಗಳು ನಿಲ್ಲಲಿಲ್ಲ. ಹಾಲಿನ ಕ್ಯಾನ್, ಗೊಬ್ಬರದ ಮೂಟೆ, ಹೆಂಡತಿ ಮಕ್ಕಳು ಎಲ್ಲವನ್ನೂ ಹೊತ್ತು ಓಡುತ್ತಲೇ ಇದ್ದವು. ಬಿಡಿಭಾಗ ಸಿಗದ ಆ ವರ್ಷಗಳಲ್ಲಿ ಅವನ್ನು ಉಳಿಸಿದ್ದು ಲೇತ್ ಅಂಗಡಿ, ಗುಜರಿ ಮತ್ತು ಮೆಕ್ಯಾನಿಕ್ಕಿನ ತಲೆ. ತೇಪೆಯನ್ನು ಕಂಡು ಹಾಕಿದವರನ್ನು ಬೈಯುವವರು ಇದನ್ನು ಮರೆಯಬಾರದು. ಅವರು ಅಂದು ಹಾಗೆ ಮಾಡದಿದ್ದರೆ ಆ ಗಾಡಿ ಯಾವತ್ತೋ ತೂಕಕ್ಕೆ ಹೋಗಿರುತ್ತಿತ್ತು.

ಮೊದಲು ಬ್ರೇಕು

ಎಂಜಿನ್ ಸ್ಟಾರ್ಟ್ ಆಗುತ್ತದೆಯೇ ಎಂದು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ತಡೆದುಕೊಳ್ಳಿ. ಮೊದಲು ಎರಡೂ ಚಕ್ರ ಬಿಚ್ಚಿ ಬ್ರೇಕ್ ಶೂ ಹೊರಗೆ ತೆಗೆಯಿರಿ. ಹಳೆಯ ಶೂಗಳ ಲೈನಿಂಗ್‌ನಲ್ಲಿ ಕಲ್ನಾರು ಇರಬಹುದು, ಆ ಧೂಳನ್ನು ಬಾಯಿಂದ ಊದಬೇಡಿ, ಕಂಪ್ರೆಸರ್ ಗಾಳಿಯನ್ನಂತೂ ಹಿಡಿಯಲೇಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಎಸೆಯಿರಿ.

ಶೂವಿನ ತುದಿ ಕ್ಯಾಮಿಗೆ ತಾಗುವ ಜಾಗದಲ್ಲಿ ಪುಟ್ಟದೊಂದು ತಗಡು ಮಡಿಸಿ ಕೂರಿಸಿದ್ದಾರೆಯೇ ನೋಡಿ. ಇದು ಬಹಳ ಹಳೆಯ ಉಪಾಯ. ಲೈನಿಂಗ್ ಸವೆದಾಗ ಹೊಸ ಶೂ ಕೊಳ್ಳುವ ಬದಲು ತಗಡು ಇಟ್ಟರೆ ಶೂ ಡ್ರಮ್ಮಿಗೆ ಮತ್ತೆ ಹತ್ತಿರವಾಗುತ್ತದೆ, ಬ್ರೇಕ್ ಹಿಡಿದಂತೆ ಕಾಣುತ್ತದೆ. ಆದರೆ ಲೈನಿಂಗ್ ಇನ್ನಷ್ಟು ತೆಳುವಾದಾಗ ಕ್ಯಾಮ್ ಅತಿಯಾಗಿ ತಿರುಗಿ ಅಡ್ಡಕ್ಕೆ ನಿಂತುಬಿಡುತ್ತದೆ. ಬ್ರೇಕ್ ಒತ್ತಿದ್ದು ವಾಪಸು ಬರುವುದಿಲ್ಲ, ಚಕ್ರ ಕಚ್ಚಿಕೊಳ್ಳುತ್ತದೆ. ತಗಡು ಜಾರಿ ಡ್ರಮ್ಮಿನೊಳಗೆ ಬಿದ್ದರೂ ಅದೇ ಗತಿ. ಇದನ್ನು ಕಂಡ ದಿನವೇ ತೆಗೆಯಿರಿ. ಹೊಸ ಲೈನಿಂಗ್ ಹಚ್ಚಿಕೊಡುವವರು ಇವತ್ತಿಗೂ ಪ್ರತಿ ಊರಿನಲ್ಲೂ ಇದ್ದಾರೆ. ಡ್ರಮ್ ಬಹಳ ಸವೆದಿದ್ದರೆ ದಪ್ಪ ಲೈನಿಂಗ್ ಹಚ್ಚಿಸಿ ಡ್ರಮ್ಮಿನ ಅಳತೆಗೆ ಲೇತ್‌ನಲ್ಲಿ ತಿರುಗಿಸಿಕೊಳ್ಳಬಹುದು.

ಹಲವು ಹಳೆಯ ಬೈಕ್‌ಗಳಲ್ಲಿ ಬ್ರೇಕ್ ಪ್ಲೇಟು ಚಕ್ರದ ಜೊತೆ ತಿರುಗದಂತೆ ಹಿಡಿಯುವ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಅದರ ಬೋಲ್ಟ್ ತುದಿಯಲ್ಲಿ ಸ್ಪ್ಲಿಟ್ ಪಿನ್ ಇರಬೇಕು. ಅಲ್ಲಿ ನಾನು ಮೊಳೆ ಕಂಡಿದ್ದೇನೆ, ಬೈಂಡಿಂಗ್ ವೈರ್ ಕಂಡಿದ್ದೇನೆ, ಏನೂ ಇಲ್ಲದ್ದನ್ನೂ ಕಂಡಿದ್ದೇನೆ. ಆ ಬೋಲ್ಟ್ ಬಿದ್ದ ಮೇಲೆ ಬ್ರೇಕ್ ಒತ್ತಿದರೆ ಪ್ಲೇಟೇ ಸುತ್ತಿಕೊಂಡು ಕೇಬಲ್ಲನ್ನೋ ರಾಡನ್ನೋ ಎಳೆದು ಚಕ್ರವನ್ನು ನಿಲ್ಲಿಸಿಬಿಡುತ್ತದೆ. ಒಂದು ಸ್ಪ್ಲಿಟ್ ಪಿನ್ನಿನ ಬೆಲೆ ಒಂದು ಲೋಟ ಕಾಫಿಗಿಂತ ಕಡಿಮೆ.

ಕೇಬಲ್ಲಿನ ತುದಿಯಲ್ಲಿರುವ ಗುಂಡು, ಅಂದರೆ ನಿಪ್ಪಲ್, ಕಿತ್ತು ಬಂದಾಗ ಸ್ಕ್ರೂ ಹಾಕಿ ಬಿಗಿಯುವ ಪುಟ್ಟ ಹಿತ್ತಾಳೆಯ ತುಂಡು ಸಿಗುತ್ತದೆ. ಆಕ್ಸಿಲರೇಟರಿಗೆ ಅದನ್ನು ಹಾಕಿಕೊಂಡು ಮನೆ ತಲುಪಬಹುದು. ಮುಂದಿನ ಬ್ರೇಕಿಗೆ ಹಾಕಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ. ಗಾಬರಿಯಲ್ಲಿ ಎಲ್ಲ ಬಲ ಹಾಕಿ ಲಿವರ್ ಹಿಡಿದ ಕ್ಷಣದಲ್ಲೇ ಅದು ಜಾರುವುದು. ಸರಿಯಾದ ಕ್ರಮ ಮನೆಯಲ್ಲೂ ಮಾಡಬಹುದಾದ್ದೇ: ಕೇಬಲ್ಲಿನ ಎಳೆಗಳನ್ನು ನಿಪ್ಪಲ್ಲಿನ ತೂತಿನಿಂದ ತೂರಿಸಿ, ತುದಿಯನ್ನು ಹೂವಿನ ಹಾಗೆ ಅರಳಿಸಿ, ಆಮೇಲೆ ಬೆಸುಗೆ ತುಂಬುವುದು. ಹಿಡಿತ ಕೊಡುವುದು ಆ ಅರಳಿದ ಎಳೆಗಳು, ಬೆಸುಗೆ ಅವನ್ನು ಕದಲದಂತೆ ಇಡುತ್ತದೆ ಅಷ್ಟೇ. ಹಳೆಯ ಸವಾರರು ಕ್ಲಚ್ ಕೇಬಲ್ಲಿನ ಜೊತೆಗೇ ಇನ್ನೊಂದು ಹೊಸ ಕೇಬಲ್ ಎಳೆದು ಟೇಪು ಸುತ್ತಿ ಬಿಟ್ಟಿರುತ್ತಾರೆ. ಒಂದು ತುಂಡಾದರೆ ರಸ್ತೆ ಬದಿಯಲ್ಲೇ ಇನ್ನೊಂದನ್ನು ಸಿಕ್ಕಿಸಿಕೊಂಡು ಹೊರಡಬಹುದು. ನಿಮ್ಮ ಗಾಡಿಯಲ್ಲಿ ಅದು ಇದ್ದರೆ ಬಿಚ್ಚಬೇಡಿ, ಯಾರೋ ಮುಂದಾಲೋಚನೆಯಿಂದ ಮಾಡಿದ ಕೆಲಸ ಅದು.

ಟೈರಿನ ಒಳಗೂ ಕೈಯಾಡಿಸಿ. ಸೀಳಿದ ಟೈರಿನ ಒಳಗೆ ಇನ್ನೊಂದು ಟೈರಿನ ತುಂಡು ಇಟ್ಟು ಟ್ಯೂಬ್ ಹಾಕುವುದನ್ನು ಪಂಕ್ಚರ್ ಅಂಗಡಿಯವರು ಗೇಟರ್ ಎನ್ನುತ್ತಾರೆ. ಅದು ಸಿಕ್ಕಿತೆಂದರೆ ಟೈರಿನ ಕಾಲ ಮುಗಿದಿದೆ. ಮುಂದಿನ ಚಕ್ರದಲ್ಲಿದ್ದರೆ ಮನೆಯ ಗೇಟೂ ದಾಟಬೇಡಿ.

ಯೆಜ್ಡಿಯ ಚೈನು ಪೂರ್ತಿ ಮುಚ್ಚಿದ ಕೇಸಿನೊಳಗೆ ಇರುವುದರಿಂದ ಅಲ್ಲಿ ಏನು ಮಾಡಿದ್ದಾರೆಂದು ವರ್ಷಗಟ್ಟಲೆ ಯಾರೂ ನೋಡಿರುವುದಿಲ್ಲ. ಕೇಸು ತೆಗೆದು ಜಾಯಿಂಟ್ ಲಿಂಕ್ ಹುಡುಕಿ. ಅದರ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ಉಲ್ಟಾ ಇದ್ದರೆ ಏನಾದರೂ ತಗುಲಿ ಕಳಚಿಕೊಳ್ಳಬಹುದು. ಕ್ಲಿಪ್ಪೇ ಇಲ್ಲದೆ ಪಿನ್ನಿನ ತಲೆ ಚಚ್ಚಿ ಬಿಟ್ಟಿದ್ದರೆ ಹೊಸ ಲಿಂಕ್ ಹಾಕಿ.

ಎಂಜಿನ್ನಿನ ತೇಪೆಗಳು

ಯೆಜ್ಡಿ ಎರಡು ಸ್ಟ್ರೋಕಿನ ಎಂಜಿನ್. 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು, 250 ಸಿಸಿಗೆ ಸ್ವಲ್ಪ ಕಡಿಮೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಇಂಥ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸು ಬರೀ ಪೆಟ್ಟಿಗೆಯಲ್ಲ, ಪಂಪು. ಪಿಸ್ಟನ್ ಮೇಲೇರಿದಾಗ ಕಾರ್ಬೊರೇಟರಿನಿಂದ ಪೆಟ್ರೋಲು ಗಾಳಿಯ ಮಿಶ್ರಣವನ್ನು ಹೀರಿಕೊಳ್ಳುತ್ತದೆ, ಇಳಿದಾಗ ಅದನ್ನು ಒತ್ತಿ ಮೇಲಕ್ಕೆ ಕಳಿಸುತ್ತದೆ. ಆ ಪಂಪಿನಲ್ಲಿ ಎಲ್ಲಾದರೂ ಸಣ್ಣ ಬಿರುಕಿದ್ದರೂ ಹೊರಗಿನ ಗಾಳಿ ಒಳನುಗ್ಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾದರೆ ಅದರ ಜೊತೆ ಬರುವ ಎಣ್ಣೆಯೂ ಕಡಿಮೆ. ಪಿಸ್ಟನ್ ಕಾಯುತ್ತದೆ, ಹಿಗ್ಗುತ್ತದೆ, ಕಚ್ಚಿಕೊಳ್ಳುತ್ತದೆ. ಮಾವನ ಗಾಡಿಗೆ ಆದದ್ದು ಇದೇ. ಕ್ಲಚ್ ಕವರಿನ ಹಿಂದೆ ಇರುವುದು ಒತ್ತಡವಿಲ್ಲದ, ಚಿಮ್ಮುವ ಎಣ್ಣೆ ಮಾತ್ರ, ಅಲ್ಲಿ ಕರೆಯೋಲೆ ಸಾಕು. ಸಿಲಿಂಡರಿನ ಬುಡದಲ್ಲಿ ಸಾಲದು. ಅಲ್ಲಿ ಪ್ಯಾಕಿಂಗಿನ ದಪ್ಪಕ್ಕೂ ಲೆಕ್ಕವಿದೆ. ಎರಡು ಮೂರು ಪದರ ಹಾಕಿದರೆ ಸಿಲಿಂಡರ್ ಅಷ್ಟು ಮೇಲೆದ್ದು ಕಂಪ್ರೆಷನ್ ಇಳಿಯುತ್ತದೆ, ಪೋರ್ಟು ತೆರೆದು ಮುಚ್ಚುವ ಹೊತ್ತೂ ಬದಲಾಗುತ್ತದೆ. ಅಲ್ಲಿಗೆ ಮೂಲ ದಪ್ಪದ ಗ್ಯಾಸ್ಕೆಟ್ ಹಾಳೆಯನ್ನೇ ಹಾಕಿ.

ಈಗ ತೇಪೆಯನ್ನು ಓದುವುದೆಂದರೆ ಏನು ಎಂಬುದಕ್ಕೆ ನನಗೆ ಸಿಕ್ಕ ಒಳ್ಳೆಯ ಉದಾಹರಣೆ ಹೇಳುತ್ತೇನೆ. ಕಾರ್ಬೊರೇಟರ್ ಬಿಚ್ಚಿದಾಗ ಮೇನ್ ಜೆಟ್ಟಿನ ತೂತನ್ನು ಯಾರೋ ಸೂಜಿಯಿಂದ ದೊಡ್ಡದು ಮಾಡಿದ್ದು ಕಂಡಿತು. ಜೆಟ್ಟನ್ನು ಹಿಗ್ಗಿಸುವವರು ಸುಮ್ಮನೆ ಹಿಗ್ಗಿಸುವುದಿಲ್ಲ. ಗಾಡಿ ಪಿಕಪ್ ಕಳೆದುಕೊಂಡಿತ್ತು, ಕಾಯುತ್ತಿತ್ತು, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತಿತ್ತು ಎಂದರ್ಥ. ಎಲ್ಲವೂ ಹೊರಗಿನ ಗಾಳಿ ಸೇರುತ್ತಿರುವ ಲಕ್ಷಣ. ಹೆಚ್ಚಿನ ಪೆಟ್ರೋಲು ಕೊಟ್ಟು ಅದನ್ನು ಸರಿದೂಗಿಸಿದ್ದಾರೆ. ಈಗ ನೀವು ಜಾಣತನದಿಂದ ಸರಿಯಾದ ಅಳತೆಯ ಹೊಸ ಜೆಟ್ ಹಾಕಿದರೆ? ತೇಪೆ ಹೋಯಿತು, ಕಾಯಿಲೆ ಉಳಿಯಿತು. ಎಂಜಿನ್ ಮೊದಲ ಹತ್ತು ಕಿಲೋಮೀಟರಿನಲ್ಲೇ ಜಾಮ್ ಆಗಬಹುದು. ಆದ್ದರಿಂದ ಗಾಳಿ ಎಲ್ಲಿ ಸೇರುತ್ತಿದೆ ಎಂದು ಮೊದಲು ಹುಡುಕಿ, ಆಮೇಲೆ ಜೆಟ್ ಬದಲಿಸಿ.

ಹುಡುಕುವ ಬಗೆ ಸುಲಭ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಸಿರಿಂಜಿನಲ್ಲಿ ತೆಳ್ಳನೆಯ ಎಣ್ಣೆ ತೆಗೆದುಕೊಂಡು ಕಾರ್ಬೊರೇಟರ್ ಕೂರುವ ಜಾಗ, ಸಿಲಿಂಡರಿನ ಬುಡ, ಕ್ರ್ಯಾಂಕ್ ಕೇಸಿನ ಎರಡು ಹೋಳು ಸೇರುವ ಗೆರೆ, ಇಷ್ಟಕ್ಕೂ ಒಂದೊಂದೇ ತೊಟ್ಟು ಬಿಡಿ. ಎಲ್ಲಿ ಬಿಟ್ಟಾಗ ಎಂಜಿನ್ನಿನ ಸದ್ದು ಬದಲಾಗುತ್ತದೋ ಸೋರಿಕೆ ಅಲ್ಲಿದೆ. ಕೆಲವರು ಇದಕ್ಕೆ ಪೆಟ್ರೋಲು ಚಿಮುಕಿಸುತ್ತಾರೆ. ಬಿಸಿ ಎಂಜಿನ್ ಮೇಲೆ ಆ ಕೆಲಸ ಬೇಡ.

ಎಲ್ಲೂ ಸಿಗದಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲುಗಳ ಮೇಲೆ ಅನುಮಾನ ಇಡಿ. ಯೆಜ್ಡಿಯಲ್ಲಿ ಎಡಗಡೆಯ ಸೀಲಿನಾಚೆ ಗೇರಿನ ಎಣ್ಣೆ, ಬಲಗಡೆಯ ಸೀಲಿನಾಚೆ ಡೈನಮೊ. ಎಡಗಡೆಯದು ಹೋದರೆ ಎಂಜಿನ್ ಗೇರ್ ಎಣ್ಣೆಯನ್ನು ಕುಡಿಯುತ್ತದೆ. ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಸೋರಿಕೆ ಕಾಣದಿದ್ದರೂ ಗೇರ್ ಎಣ್ಣೆ ಇಳಿಯುತ್ತಿರುತ್ತದೆ. ಬಲಗಡೆಯದು ಹೋದರೆ ಹೊಗೆ ಇಲ್ಲ, ಬರೀ ಗಾಳಿ. ಇದೇ ಹೆಚ್ಚು ಅಪಾಯದ್ದು, ಏಕೆಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಜಾಮ್ ಆಗುವ ಭಯಕ್ಕೆ ಪೆಟ್ರೋಲಿಗೆ ಎಣ್ಣೆಯನ್ನು ಹೆಚ್ಚು ಸುರಿಯುವುದು ನಮ್ಮಲ್ಲಿ ರೂಢಿ. ಲೀಟರಿಗೆ 40 ಮಿಲಿಲೀಟರ್ ಹಾಕುವ ಕಡೆ 60, 70 ಹಾಕುತ್ತಾರೆ. ಎಣ್ಣೆ ಹೆಚ್ಚಾದಷ್ಟು ಅದೇ ಜೆಟ್ಟಿನಿಂದ ಹೋಗುವ ಪೆಟ್ರೋಲು ಕಡಿಮೆಯಾಗುತ್ತದೆ, ಜೊತೆಗೆ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ. ಸೀಲ್ ಬದಲಿಸುವ ಕೆಲಸವನ್ನು ಎಣ್ಣೆಯ ಬಾಟಲಿ ಮಾಡಲಾರದು.

ಎಂಜಿನ್ ಕೇಸು ಬೇರೆ ಮಾಡಿಸುವ ದಿನ ಬೇರಿಂಗ್ ಕೂರುವ ಗೂಡನ್ನು ಬೆರಳಿನಿಂದ ಸವರಿ ನೋಡಿ. ಸುತ್ತಲೂ ಪಂಚ್ ಹೊಡೆದ ಚುಕ್ಕಿಗಳಿದ್ದರೆ, ಇಲ್ಲವೇ ಪೌಡರ್ ಡಬ್ಬಿಯ ತಗಡಿನ ಪಟ್ಟಿ ಸುತ್ತಿದ್ದರೆ, ಗೂಡು ಸವೆದು ಬೇರಿಂಗ್ ಸಡಿಲವಾಗಿತ್ತು ಎಂದು ತಿಳಿಯಿರಿ. ಪಂಚ್ ಹೊಡೆದಾಗ ಎದ್ದ ಅಲ್ಯೂಮಿನಿಯಂ ಮೊನೆಗಳು ಸ್ವಲ್ಪ ದಿನ ಬೇರಿಂಗನ್ನು ಹಿಡಿಯುತ್ತವೆ, ಆಮೇಲೆ ಚಪ್ಪಟೆಯಾಗುತ್ತವೆ. ಬೇರಿಂಗ್ ನೇರ ಕೂರದಿದ್ದರೆ ಹೊಸ ಸೀಲೂ ನಿಲ್ಲುವುದಿಲ್ಲ. ಲೇತ್‌ನಲ್ಲಿ ಗೂಡನ್ನು ದೊಡ್ಡದು ಮಾಡಿಸಿ ಬುಷ್ ಕೂರಿಸಿ, ಬೇರಿಂಗಿನ ಅಳತೆಗೆ ತಿರುಗಿಸಿಕೊಳ್ಳುವುದೊಂದೇ ದಾರಿ. ಎರಡೂ ಹೋಳುಗಳನ್ನು ಸೇರಿಸಿ ಬಿಗಿದು ಒಂದೇ ನೇರದಲ್ಲಿ ತಿರುಗಿಸುವ ಲೇತ್‌ನವರನ್ನು ಹುಡುಕಿ. ಒಂದೊಂದನ್ನೇ ಬೇರೆ ಬೇರೆ ಮಾಡಿಕೊಡುತ್ತೇನೆ ಎಂದವರಿಗೆ ನಮಸ್ಕಾರ ಹೇಳಿ ಬನ್ನಿ.

ಕೇಸು ಬಿಚ್ಚುವ ಮೊದಲೇ ನಿಮ್ಮನ್ನು ತಡೆಯುವ ತೇಪೆಯೊಂದಿದೆ. ಜಾವಾ, ಯೆಜ್ಡಿಯಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಇಷ್ಟು ಕೆಲಸ ಮಾಡುವ ಲಿವರಿನ ಒಳಹಲ್ಲುಗಳು ಸವೆಯದೆ ಇರುತ್ತವೆಯೇ? ಸವೆದಾಗ ಮೊದಲು ತಗಡು ತುರುಕುತ್ತಾರೆ, ಅದೂ ಜಾರಿದಾಗ ಶಾಫ್ಟಿಗೇ ವೆಲ್ಡಿಂಗ್ ಹೊಡೆಯುತ್ತಾರೆ. ಅಲ್ಲಿಗೆ ಕ್ಲಚ್ ಕವರ್ ಹೊರಗೆ ಬರುವ ದಾರಿ ಮುಚ್ಚಿತು. ಇಂಥದ್ದು ಸಿಕ್ಕಿದರೆ ಸುತ್ತಿಗೆ ಮುಟ್ಟಬೇಡಿ. ಲಿವರನ್ನು ಬಲಿ ಕೊಟ್ಟು ಶಾಫ್ಟನ್ನು ಉಳಿಸಿಕೊಳ್ಳಿ. ಕಟ್ಟರ್‌ನಿಂದ ಲಿವರಿನ ಬಾಯನ್ನು ಶಾಫ್ಟಿಗೆ ತಾಗದಷ್ಟು ಆಳಕ್ಕೆ ಸೀಳಿ, ಉಳಿಯಿಂದ ಅಗಲಿಸಿ, ಉಳಿದ ವೆಲ್ಡಿಂಗನ್ನು ಅರದಲ್ಲಿ ತಾಳ್ಮೆಯಿಂದ ಉಜ್ಜಿ ತೆಗೆಯಿರಿ. ನನಗೆ ಇದಕ್ಕೆ ಎರಡು ಸಂಜೆ ಹಿಡಿದಿತ್ತು.

ಬೆಂಡ್ ಪೈಪನ್ನು ಸಿಲಿಂಡರಿಗೆ ಹಿಡಿದಿಡುವ ದೊಡ್ಡ ನಟ್ಟಿನ ಕಥೆಯೂ ಹೀಗೇ ಬೇಸರದ್ದು. ಅದಕ್ಕೆಂದೇ ಕೊಕ್ಕೆಯಾಕಾರದ ಸ್ಪ್ಯಾನರ್ ಇದೆ. ಅದಿಲ್ಲದವರು ಉಳಿ ಇಟ್ಟು ಹೊಡೆದು ಹೊಡೆದು ನಟ್ಟಿನ ಹಲ್ಲೆಲ್ಲ ಮುರಿದಿರುತ್ತಾರೆ, ಒಳಗಿನ ಥ್ರೆಡ್ಡೂ ಹೋಗಿರುತ್ತದೆ. ಆಮೇಲೆ ಕಲ್ನಾರು ಹಗ್ಗ ಸುತ್ತಿ ಬೈಂಡಿಂಗ್ ವೈರಿನಲ್ಲಿ ಫ್ರೇಮಿಗೆ ಕಟ್ಟುತ್ತಾರೆ. ಒಳ್ಳೆಯ ಥ್ರೆಡ್ ಇನ್ನೂ ಸ್ವಲ್ಪ ಉಳಿದಿದ್ದರೆ ಲೇತ್‌ನಲ್ಲಿ ಅದರ ಅಳತೆಗೆ ಹೊಸ ನಟ್ಟು ಮಾಡಿಸಿ. ಬಿಸಿ ಇರುವಾಗ ಒಮ್ಮೆ, ತಣಿದ ಮೇಲೆ ಒಮ್ಮೆ ಬಿಗಿಯಿರಿ.

ಪ್ಲಗ್ಗಿನ ಥ್ರೆಡ್ ಹೋದ ಹೆಡ್ಡಿನಲ್ಲಿ ತಾಮ್ರದ ಎಳೆ ಸುತ್ತಿಯೋ ಎಂ-ಸೀಲ್ ಮೆತ್ತಿಯೋ ಪ್ಲಗ್ ಕೂರಿಸಿದ್ದರೆ ಆ ಗಾಡಿಯನ್ನು ಕಿಕ್ ಹೊಡೆಯಬೇಡಿ. ಪ್ಲಗ್ ಗುಂಡಿನಂತೆ ಹಾರಬಲ್ಲದು, ಅದರ ದಾರಿಯಲ್ಲಿ ಪೆಟ್ರೋಲ್ ಟ್ಯಾಂಕಿದೆ, ನಿಮ್ಮ ಮೊಣಕಾಲಿದೆ. 14 ಮಿಲಿಮೀಟರ್ ಪ್ಲಗ್ಗಿಗೆ ಬೇಕಾದ ಥ್ರೆಡ್ ಬುಷ್ ಎಲ್ಲ ಕಡೆ ಸಿಗುತ್ತದೆ, ಒಳ್ಳೆಯ ಲೇತ್‌ನಲ್ಲಿ ಒಂದು ಗಂಟೆಯ ಕೆಲಸ.

ಮುರಿದ ಸ್ಟಡ್ಡು, ಕದಲದ ಬೋಲ್ಟು ಇವಕ್ಕೆ ಬಲಕ್ಕಿಂತ ಬಿಸಿ ಒಳ್ಳೆಯದು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಡೀಸೆಲ್ ಬಿಟ್ಟು ಒಂದು ರಾತ್ರಿ ಇಟ್ಟು, ಚೆನ್ನಾಗಿ ಒರೆಸಿ, ಕೇಸನ್ನು ಬಿಸಿ ಮಾಡಿದರೆ ಅದು ತಾನೇ ಹಿಡಿತ ಸಡಿಲಿಸುತ್ತದೆ. ಬುಲೆಟ್ ಇಟ್ಟುಕೊಂಡವರಿಗೆ ಇಲ್ಲಿ ಇನ್ನೊಂದು ಮಾತು. 1955ರಿಂದ ಮದರಾಸಿನಲ್ಲಿ ತಯಾರಾದ ಆ ಗಾಡಿಯ ಹಳೆಯ ಮಾದರಿಗಳಲ್ಲಿ ಇಂಗ್ಲೆಂಡಿನ ಅಳತೆಯ ಥ್ರೆಡ್‌ಗಳಿವೆ. ಅಲ್ಲಿ ಮಿಲಿಮೀಟರ್ ಅಳತೆಯ ಬೋಲ್ಟನ್ನು ಬಲವಂತವಾಗಿ ತಿರುಗಿಸಿರುತ್ತಾರೆ. ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾದರೆ ನಿಲ್ಲಿಸಿ, ಥ್ರೆಡ್ ಗೇಜ್ ಹಿಡಿದು ನೋಡಿ. ಬುಲೆಟ್ಟಿನಲ್ಲೇ ಕಾಣುವ ಇನ್ನೊಂದು ತೇಪೆ ಸಿಲಿಕೋನ್ ಪೇಸ್ಟು. ಹೊರಗೆ ಉಬ್ಬಿದಷ್ಟೇ ಅದು ಒಳಗೂ ಉಬ್ಬಿರುತ್ತದೆ, ಒಳಗಿನದು ತುಂಡಾಗಿ ಎಣ್ಣೆಯ ದಾರಿಯನ್ನು ಮುಚ್ಚುತ್ತದೆ.

ಪೆಟ್ರೋಲು ಮತ್ತು ಕರೆಂಟು

ಟ್ಯಾಂಕಿನ ಸಣ್ಣ ತೂತಿಗೆ ಬಟ್ಟೆ ಸೋಪು ಉಜ್ಜುವುದು ನಮ್ಮ ರಸ್ತೆಗಳ ಹಳೆಯ ವಿದ್ಯೆ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಅದಕ್ಕೇ ನಿಲ್ಲುತ್ತದೆ. ನೀರಿನಲ್ಲಿ ಕರಗುತ್ತದೆ, ಆದ್ದರಿಂದ ಮೊದಲ ಮಳೆಯವರೆಗೆ ಮಾತ್ರ. ಟ್ಯಾಂಕಿನ ಹೊಟ್ಟೆಯಡಿ ಸೋಪಿನ ಇಲ್ಲವೇ ಎಂ-ಸೀಲಿನ ಉಂಡೆ ಕಂಡರೆ ಹೊರಗಿನ ತೂತನ್ನಷ್ಟೇ ನೋಡಬೇಡಿ. ಟಾರ್ಚ್ ಹಾಕಿ ಒಳಗೆ ನೋಡಿ, ತುಕ್ಕು ಒಳಗಿನಿಂದ ತಿಂದಿರುತ್ತದೆ. ಸಿಟ್ರಿಕ್ ಆಮ್ಲದ ನೀರು ತುಂಬಿ ಒಂದು ದಿನ ಇಟ್ಟು, ಸೋಡಾ ಹಾಕಿದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಿದರೆ ಎಷ್ಟು ಗಟ್ಟಿ ಲೋಹ ಉಳಿದಿದೆ ಎಂದು ಗೊತ್ತಾಗುತ್ತದೆ. ಬೆಸುಗೆ ಹಾಕಿಸುವುದಾದರೆ ಟ್ಯಾಂಕ್ ಕೆಲಸ ಮಾಡಿ ಅನುಭವ ಇರುವವರಿಗೇ ಕೊಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯುವುದು. ಸೋಪಿನ ನೀರಿನಲ್ಲಿ ಹಲವು ಸಲ ತೊಳೆದು, ತೂತಿನ ಹತ್ತಿರದವರೆಗೂ ನೀರು ತುಂಬಿಯೇ ಬೆಂಕಿ ಹಿಡಿಯಬೇಕು.

ಒಳಗೆ ಬಳಿದ ಲೇಪನದ ಟ್ಯಾಂಕುಗಳಿಗೆ ಈಗ ಹೊಸ ತೊಂದರೆ ಬಂದಿದೆ. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಶೇಕಡ 20ರವರೆಗೆ ಎಥೆನಾಲ್ ಇದೆ. ಹಳೆಯ ಕೆಲವು ಲೇಪನಗಳು ಅದಕ್ಕೆ ಮೆತ್ತಗಾಗಿ ಹಾಳೆ ಹಾಳೆಯಾಗಿ ಏಳುತ್ತವೆ, ಕಾಕಿನ ಬಾಯಿಗೆ ಅಡ್ಡ ಕೂರುತ್ತವೆ. ಗಾಡಿ ಓಡುತ್ತಾ ಓಡುತ್ತಾ ನಿಂತು, ಐದು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆಯೇ? ಕಾರ್ಬೊರೇಟರಿಗೆ ಕೈ ಹಾಕುವ ಮೊದಲು ಕಾಕನ್ನು ಬಿಚ್ಚಿ ನೋಡಿ. ಎಥೆನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲು ಬಿಡಬೇಡಿ. ಪೆಟ್ರೋಲ್ ಪೈಪಿನ ಜಾಗದಲ್ಲಿ ಡ್ರಿಪ್ಪಿನ ನಳಿಕೆಯೋ ಮೀನಿನ ತೊಟ್ಟಿಯ ಪೈಪೋ ಇದ್ದರೆ ಇವತ್ತೇ ಕಿತ್ತು ಪೆಟ್ರೋಲಿಗೆಂದೇ ಮಾಡಿದ ರಬ್ಬರ್ ಪೈಪು ಹಾಕಿ. ಪಾರದರ್ಶಕ ಪೈಪು ಪೆಟ್ರೋಲಿಗೆ ಗಾಜಿನಂತೆ ಗಡುಸಾಗಿ ಬಿಸಿ ಎಂಜಿನ್ನಿನ ಮೇಲೇ ಒಡೆಯುತ್ತದೆ.

ಹಿತ್ತಾಳೆಯ ಫ್ಲೋಟಿಗೆ ಬೆಸುಗೆ ಹಾಕಿದ್ದರೆ ಅದನ್ನು ಬಿಸಿ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ತೂತು ಇನ್ನೂ ಇದೆ. ಬರದಿದ್ದರೂ ಬೆಸುಗೆಯ ಉಂಡೆ ದೊಡ್ಡದಿದ್ದರೆ ಫ್ಲೋಟಿನ ತೂಕ ಹೆಚ್ಚಿ ಪೆಟ್ರೋಲಿನ ಮಟ್ಟ ಏರುತ್ತದೆ, ಕಾರ್ಬೊರೇಟರ್ ಉಕ್ಕುತ್ತದೆ. ಹೆಚ್ಚಿನ ಬೆಸುಗೆಯನ್ನು ಅರದಲ್ಲಿ ಉಜ್ಜಿದರೆ ಸಾಕು, ಹೊಸ ಫ್ಲೋಟ್ ಬೇಕಿಲ್ಲ.

ವೈರಿಂಗ್‌ನಲ್ಲಿ ಫ್ಯೂಸಿನ ಜಾಗವನ್ನು ಮೊದಲು ನೋಡಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ದಪ್ಪ ತಾಮ್ರದ ತಂತಿ, ಕೆಲವು ಸಲ ಮೊಳೆ. ಇವು ಉರಿದುಹೋಗುವುದಿಲ್ಲ, ಬದಲಿಗೆ ವೈರು ಉರಿಯುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತಿತ್ತು ಎಂಬ ಸುದ್ದಿ ಅಲ್ಲಿದೆ. ಎಲ್ಲೋ ವೈರು ಸುಲಿದು ಫ್ರೇಮಿಗೆ ತಾಗುತ್ತಿದೆ, ಹೆಚ್ಚಾಗಿ ಹೆಡ್‌ಲೈಟಿನ ಬುಟ್ಟಿಯೊಳಗೋ ಹ್ಯಾಂಡಲ್ ತಿರುಗುವ ಕಡೆಯೋ. ಹಳೆಯ ಜಾವಾ, ಯೆಜ್ಡಿಗಳದ್ದು 6 ವೋಲ್ಟ್. 35 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆದರೆ 6 ವೋಲ್ಟಿನಲ್ಲಿ ಸುಮಾರು 6 ಎಳೆಯುತ್ತದೆ. ಆದ್ದರಿಂದ ತಿರುಚಿ ಟೇಪು ಸುತ್ತಿದ ಒಂದೊಂದು ಜೋಡಣೆಯೂ ಬೆಳಕನ್ನು ತಿನ್ನುತ್ತದೆ. ಲೈಟು ಮಂಕಾಗಿದೆ ಎಂದು ಡೈನಮೊವನ್ನು ಬೈಯುವ ಮೊದಲು ಆ ಜೋಡಣೆಗಳನ್ನೆಲ್ಲ ಬಿಚ್ಚಿ, ದಪ್ಪ ವೈರು ಎಳೆದು, ಬೆಸುಗೆ ಹಾಕಿ ನೋಡಿ. ಇಂಗ್ಲೆಂಡಿನ ಹಳೆಯ ಬೈಕ್ ನಿಮ್ಮದಾಗಿದ್ದರೆ ಬ್ಯಾಟರಿಯ ಯಾವ ತುದಿ ಫ್ರೇಮಿಗೆ ಸೇರಬೇಕೆಂದು ಖಚಿತ ಮಾಡಿಕೊಂಡೇ ಜೋಡಿಸಿ, ಅವುಗಳಲ್ಲಿ ಅನೇಕವಕ್ಕೆ ಪಾಸಿಟಿವ್ ತುದಿಯೇ ಅರ್ತ್.

ಕಂಡೆನ್ಸರನ್ನು ಮೂಲ ಜಾಗದಿಂದ ತೆಗೆದು ಹೊರಗೆ ಎಲ್ಲೋ ಕಟ್ಟಿದ್ದಾರೆಯೇ, ಅದೂ ಆಟೊರಿಕ್ಷಾದ ಕಂಡೆನ್ಸರೇ? ಅದನ್ನು ಹಾಗೇ ಬಿಡಿ. ಪಾಯಿಂಟ್ ಇರುವ ಗಾಡಿಗಳ ಕಂಡೆನ್ಸರ್‌ಗಳ ಗುಣ ಹೆಚ್ಚುಕಡಿಮೆ ಒಂದೇ, ಎಂಜಿನ್ನಿನ ಬಿಸಿಯಿಂದ ದೂರವಿದ್ದರೆ ಅದರ ಆಯುಸ್ಸೂ ಹೆಚ್ಚು. ಮೂಲ ವಿನ್ಯಾಸಕ್ಕಿಂತ ಚೆನ್ನಾಗಿರುವ ತೇಪೆ ಇದು. ಪಾಯಿಂಟಿನ ಅಂತರವನ್ನು ಮಾತ್ರ ವಿಸಿಟಿಂಗ್ ಕಾರ್ಡಿನಲ್ಲಿ ಅಳೆಯಬೇಡಿ, 0.4 ಮಿಲಿಮೀಟರಿನ ಗೇಜ್ ಎಲೆ ಇಟ್ಟುಕೊಳ್ಳಿ. ಹ್ಯಾಕ್ಸಾ ಬ್ಲೇಡು ಪ್ಲಗ್ಗಿನ ಅಂತರಕ್ಕೆ ದಾರಿಯಲ್ಲಿ ಒದಗುತ್ತದೆ, ಪಾಯಿಂಟಿಗೆ ಅದು ದಪ್ಪವಾಯಿತು.

ಬಿಡಬಹುದಾದವು ಇನ್ನೂ ಇವೆ. ಸ್ಟ್ಯಾಂಡಿನ ಸ್ಪ್ರಿಂಗಿನ ಬದಲು ಕಟ್ಟಿದ ಟ್ಯೂಬ್ ರಬ್ಬರು ಬಿಗಿಯಾಗಿದ್ದರೆ ಇರಲಿ, ಸಡಿಲವಾಗಿದ್ದರೆ ತಿರುವಿನಲ್ಲಿ ಸ್ಟ್ಯಾಂಡ್ ಇಳಿದು ನೆಲಕ್ಕೆ ತಾಗುತ್ತದೆ. ಟ್ಯಾಂಕಿನ ಕೆಳಗಿನ ಟ್ಯೂಬಿನ ಪಟ್ಟಿ, ಸೀಟಿನಡಿಯ ಗೋಣಿಯ ತುಂಡು, ಪೆಟ್ಟಿಗೆಯ ಬಾಗಿಲಿಗೆ ಹಾಕಿದ ಕೊಕ್ಕೆ ಇವನ್ನೆಲ್ಲ ನಿಮ್ಮ ಮನಸ್ಸಿಗೆ ಬಿಟ್ಟಿದ್ದೇನೆ.

ಕಾಗದಪತ್ರದ ಕಡೆಯೂ ಒಂದು ಗಮನ ಬೇಕು. 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ನಂಬರಿನಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ, ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ನಂತರ ನವೀಕರಣಕ್ಕೆ 5,000. ದಿನನಿತ್ಯದ ಓಡಾಟಕ್ಕೆ ಆ ನೋಂದಣಿ ಅಲ್ಲ. ಆ ದಾರಿ ಹಿಡಿಯುವ ಆಲೋಚನೆ ಇದ್ದರೆ ಫ್ರೇಮಿನ ತೇಪೆಗಳನ್ನು ತೆಗೆಸುವಾಗ ಚಾಸಿ ನಂಬರಿನ ಹತ್ತಿರ ಗ್ರೈಂಡರ್ ಹೋಗದಂತೆ ನೋಡಿಕೊಳ್ಳಿ. ಕ್ರ್ಯಾಂಕ್ ಕೇಸನ್ನು ಗುಜರಿಯಿಂದ ತಂದು ಬದಲಿಸಿದ್ದರೆ ಎಂಜಿನ್ ನಂಬರೂ ಬದಲಾಗಿರುತ್ತದೆ. ಹಣ ಕೊಡುವ ಮೊದಲು ಆರ್‌ಸಿಯಲ್ಲಿರುವುದನ್ನು ಲೋಹದ ಮೇಲಿರುವುದರ ಜೊತೆ ಅಕ್ಷರ ಅಕ್ಷರ ಹೋಲಿಸಿ.

ಬಿಚ್ಚುವಾಗ ಒಂದು ಶಿಸ್ತು ಇಟ್ಟುಕೊಳ್ಳಿ. ಪ್ರತಿ ತೇಪೆಯನ್ನೂ ಕೀಳುವ ಮುನ್ನ ಫೋಟೊ ತೆಗೆಯಿರಿ, ಕಿತ್ತದ್ದನ್ನು ಎಸೆಯದೆ ಚೀಟಿ ಕಟ್ಟಿ ಡಬ್ಬಿಯಲ್ಲಿಡಿ. ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ ಓಡಿಸಿ ನೋಡಿ. ಐದನ್ನು ಒಟ್ಟಿಗೆ ಮಾಡಿ ಗಾಡಿ ಸ್ಟಾರ್ಟ್ ಆಗದಿದ್ದರೆ ಯಾವುದರಿಂದ ಎಂದು ದೇವರಿಗೂ ತಿಳಿಯುವುದಿಲ್ಲ.

ಎಲ್ಲ ಮುಗಿದ ಮೇಲಿನ ಮೊದಲ ಓಟ ಐದು ಕಿಲೋಮೀಟರ್ ಮೀರದಿರಲಿ, ಮನೆಯ ಸುತ್ತಲೇ ಇರಲಿ. ವಾಪಸು ಬಂದು ಕೀಲಿ ತೆಗೆದು, ಎರಡೂ ಚಕ್ರದ ನಡುಭಾಗವನ್ನು ಹುಷಾರಾಗಿ ಮುಟ್ಟಿ. ಒಂದು ಇನ್ನೊಂದಕ್ಕಿಂತ ಬಹಳ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ಪ್ಲಗ್ ಬಿಚ್ಚಿ ಬಣ್ಣ ನೋಡಿ: ಇಟ್ಟಿಗೆಯ ಕಂದು ಬಂದಿದ್ದರೆ ಒಳ್ಳೆಯದು, ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಇನ್ನೂ ಸೇರುತ್ತಿದೆ. ರಾತ್ರಿ ಎಂಜಿನ್ನಿನ ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿ. ಬೆಳಿಗ್ಗೆ ಅದರ ಮೇಲೆ ಎಲ್ಲೆಲ್ಲಿ ಎಣ್ಣೆಯ ಕಲೆ ಬಿದ್ದಿದೆ ಎಂದು ನೋಡಿ, ಮೇಲೆ ಯಾವ ಜಾಗ ಎಂದು ಗುರುತು ಹಾಕಿಕೊಳ್ಳಿ. ಮಾವನ ಯೆಜ್ಡಿಯ ಕೆಳಗೆ ಎರಡು ಕಲೆ ಇದ್ದವು, ಎರಡೂ ಬಲಗಡೆ. ಎಡಗಡೆಯಲ್ಲಿ ಕಾಗದ ಒಣಗಿಯೇ ಇತ್ತು. ಅಲ್ಲಿ ಹೊಸ ಪ್ಯಾಕಿಂಗ್ ಹಾಕಿದ್ದೇನೆ, ಹುಣಸೂರಿನ ಕರೆಯೋಲೆಯನ್ನು ಅಳತೆಗೆ ಇಟ್ಟುಕೊಂಡೇ ಅದನ್ನು ಕತ್ತರಿಸಿದ್ದು.